ಕಲ್ಮೇಶ್ವರನ ಗೋಡೆಗೆ ಬಿಳಿ ಟೈಲ್ಸ್

೧೯೯೩ನೆಯ ಇಸವಿ. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಆ ವರ್ಷದ ಜೂನ್ ತಿಂಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿ ನೇಮಕಗೊಂಡ ಆದೇಶ ನನ್ನ ಕೈಸೇರಿತು. ನಮ್ಮ ಊರು ಐನಾಪುರದ ಈಚೆಗೆ, ಶಾಲೆ ಆಚೆಗೆ. ನಡುವೆ ಕಬ್ಬು ಮತ್ತು ದ್ರಾಕ್ಷಿಯ ತೋಟಗಳು. ಸೈಕಲ್ಲಿನಲ್ಲಿ ನಲವತ್ತು ನಿಮಿಷದ ದಾರಿ. ಈಗ ಆ ಭಾಗವನ್ನು ಕಾಗವಾಡ ತಾಲೂಕು ಎನ್ನುತ್ತಾರೆ. ಆಗ ಎಲ್ಲದಕ್ಕೂ ಅಥಣಿಗೇ ಹೋಗಬೇಕಿತ್ತು.

ಹೊಸ ಶಿಕ್ಷಕನಿಗೆ ಇರುವ ಹುರುಪು ನನಗೂ ಇತ್ತು. ಏಳನೆಯ ತರಗತಿಯ ಗೋಡೆಗೆ ಒಂದು ದೊಡ್ಡ ತಖ್ತೆಯನ್ನು ಸಿದ್ಧಪಡಿಸಿದೆ. ಅದರ ಶೀರ್ಷಿಕೆ: ‘ಅಳಿವಿನ ಅಂಚಿನಲ್ಲಿರುವ ಜಗತ್ತಿನ ಪರಂಪರೆ’. ಹಳೆಯ ವಾರಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ, ಅಳತೆಪಟ್ಟಿಯಿಟ್ಟು ಮೂರು ಅಂಕಣಗಳನ್ನು ಎಳೆದಿದ್ದೆ. ಮೊದಲನೆಯದರಲ್ಲಿ ಸ್ಥಳ, ಎರಡನೆಯದರಲ್ಲಿ ದೇಶ, ಮೂರನೆಯದರಲ್ಲಿ ಒಂದೇ ಪದದಲ್ಲಿ ಅಪಾಯದ ಕಾರಣ. ವೆನಿಸ್, ಇಟಲಿ, ನೀರು. ತಾಜಮಹಲು, ಭಾರತ, ಹೊಗೆ. ಅಂಕೋರ್, ಕಾಂಬೋಡಿಯಾ, ಬೇರು. ಯುದ್ಧ, ಮರಳು, ಅಲಕ್ಷ್ಯ ಎಂಬ ಕಾರಣಗಳೂ ಇದ್ದವು. ಭಕ್ತಿ ಎಂಬ ಕಾರಣವನ್ನು ಮಾತ್ರ ನಾನು ಬರೆದಿರಲಿಲ್ಲ. ಅದು ನಮ್ಮ ಮನೆಯಲ್ಲೇ ಇದೆಯೆಂಬುದು ನನಗೆ ಗೊತ್ತಾದದ್ದು ಡಿಸೆಂಬರ್ ತಿಂಗಳಿನ ಒಂದು ಸಂಜೆ.

ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿನ ಕಲ್ಲನ್ನು ಆರಿಸುತ್ತ ಕುಳಿತಿದ್ದಳು. ತಲೆಯೆತ್ತದೆ ಕೇಳಿದಳು:

“ಲೇ ತಮ್ಮಾ, ಬಿಳಿ ಟೈಲ್ಸ್ ಎಲ್ಲಿ ಚಲೋ ಸಿಗತಾವ? ನಿಪ್ಪಾಣ್ಯಾಗೋ, ಮಿರಜಿನ್ಯಾಗೋ?”

“ಯಾಕ ಬೇ, ಬಚ್ಚಲಕ್ಕ ಹಾಕಸ್ತೀಯೇನ?”

“ಬಾಯಿ ತೊಳಕೋ. ದೇವರಿಗೆ.”

ಆಮೇಲೆ ವಿಷಯ ಒಂದೊಂದಾಗಿ ಹೊರಬಂತು. ಎರಡು ಸಲ ನನ್ನ ಹೆಸರು ಆಯ್ಕೆಯ ಪಟ್ಟಿಯ ಅಂಚಿಗೆ ಬಂದು ತಪ್ಪಿಹೋಗಿತ್ತು. ಮೂರನೆಯ ಸಲ ನಾನು ಸಂದರ್ಶನಕ್ಕೆ ಹೋದ ದಿನ ಅವ್ವ ಊರ ಅಂಚಿನ ಕಲ್ಮೇಶ್ವರನ ಗುಡಿಗೆ ಹೋಗಿ ಹರಕೆ ಹೊತ್ತಿದ್ದಳು. ಮಗನಿಗೆ ನೌಕರಿ ಸಿಕ್ಕರೆ ಗುಡಿಯ ಗೋಡೆಗಳಿಗೆ ಒಳಗೂ ಹೊರಗೂ ಬಿಳಿ ಟೈಲ್ಸ್ ಹಚ್ಚಿಸುತ್ತೇನೆಂಬ ಹರಕೆ. ಅಪ್ಪನಿಗೆ ಹಿಂದೊಮ್ಮೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ಮಿರಜಿನ ಒಂದು ದವಾಖಾನೆಯಲ್ಲಿ ಅವಳು ಹತ್ತು ದಿನ ಇದ್ದಳು. ಅಲ್ಲಿಯ ಗೋಡೆಗಳಷ್ಟು ಮಡಿಯಾದದ್ದನ್ನು ತಾನು ಲೋಕದಲ್ಲಿ ಕಂಡಿಲ್ಲವೆಂಬುದು ಅವಳ ಖಚಿತ ಅಭಿಪ್ರಾಯ.

“ಡಾಕ್ಟರ ಅಷ್ಟ ಚಂದ ಮನ್ಯಾಗ ಇರಬೇಕು, ದೇವರ ಕರೇ ಕಲ್ಲಿನ ಗವ್ಯಾಗ ಇರಬೇಕೇನ?” ಎಂದಳು.

ನಮ್ಮ ಗುಡಿ ಗವಿಯಾಗಿರಲಿಲ್ಲ. ಕಟ್ಟಿ ಎಂಟು ನೂರು ವರ್ಷಗಳಾದರೂ ಆಗಿರಬೇಕು. ಹೊರಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಹಂಸಗಳು, ಇನ್ನೂ ಮೇಲೆ ಕುಣಿಯುವವರು, ಮದ್ದಳೆ ಬಾರಿಸುವವರು. ಒಳಗಿನ ಕಂಬಗಳನ್ನು ಯಾರೋ ಎಷ್ಟು ನಯವಾಗಿ ಕಡೆದಿದ್ದರೆಂದರೆ, ಹಣೆಯ ವಿಭೂತಿ ಸರಿಯಿದೆಯೇ ಎಂಬುದನ್ನು ಜನ ಆ ಕಂಬಗಳಲ್ಲೇ ನೋಡಿಕೊಳ್ಳುತ್ತಿದ್ದರು. ಶಾಸನವಿಲ್ಲ, ಕಟ್ಟಿದವರ ಹೆಸರಿಲ್ಲ. “ಕಟ್ಟಿದಾಂವ ಶ್ಯಾಣ್ಯಾ. ಹೆಸರ ಬರದಿದ್ರ ರಿಪೇರಿಗೂ ಅವನ ಮನೀಗೇ ಹೋಗ್ತಿದ್ರು” ಎಂದು ಅಪ್ಪ ಹೇಳುತ್ತಿದ್ದ.

ನಾನು ಅವ್ವನಿಗೆ ಪಾಠ ಮಾಡಲು ತೊಡಗಿದೆ. ವೆನಿಸ್ಸಿನಿಂದ ಆರಂಭಿಸಿ ತಾಜಮಹಲಿಗೆ ಬಂದೆ. ಸಂಗಮರವರಿಯ ಕಲ್ಲು ಹೊಗೆಗೆ ಹಳದಿಯಾಗುತ್ತಿದೆಯೆಂದೆ.

“ಹಂಗಾರ ಅದಕ್ಕೂ ಟೈಲ್ಸ್ ಹಚ್ಚಿದ್ರ ಆಗ್ತಿತ್ತಲ್ಲ” ಎಂದಳು. “ಒರಸಿದ್ರ ಹೋಗತೈತಿ.”

“ಅವ್ವಾ, ಆ ಗ್ವಾಡಿ ಮ್ಯಾಲಿನ ಆನಿ, ಹಂಸ ಎಲ್ಲಾ ಮುಚ್ಚಿ ಹೋಗ್ತಾವ.”

“ನೀ ಇನ್ನಾ ಕಾಯಂ ಆಗಿಲ್ಲ. ಎರಡು ವರ್ಷ ನೋಡಿ ಆಮ್ಯಾಲ ಕಾಯಂ ಮಾಡ್ತಾರಂತ ನೀನ ಹೇಳೀದಿ. ಕೊಟ್ಟಾಂವಗ ಕಸಗೊಳ್ಳಾಕ ಎಷ್ಟೊತ್ತು?”

ಅವಳಿಗೆ ಟೈಲ್ಸ್ ಅಲಂಕಾರದ ಪ್ರಶ್ನೆಯಾಗಿರಲಿಲ್ಲ. ದೇವರು ತನ್ನ ಮಾತು ನಡೆಸಿದ್ದಾನೆ, ತಾನು ನಡೆಸಿಲ್ಲ. ಆ ನಡುವಿನ ಪ್ರತಿದಿನವೂ ಮಗನ ನೌಕರಿ ತೂಗಾಡುತ್ತಿದೆ. ಶಿವರಾತ್ರಿಯೊಳಗೆ ಹರಕೆ ತೀರಲೇಬೇಕೆಂದು ಅವಳು ಗಡುವನ್ನೂ ಹಾಕಿಕೊಂಡಿದ್ದಳು. ಊರವರಿಗಂತೂ ಗುಡಿ ಬೆಳ್ಳಗಾಗುವುದೆಂದರೆ ಹಬ್ಬ. ಬೇಡವೆನ್ನುವವನು ನಾನೊಬ್ಬನೇ, ಹರಕೆಯ ಫಲವೂ ನಾನೇ.

ಆಗ ನಾನು ಮಾಡಿದ ಮೊದಲ ಕೆಲಸ ಒಂದು ಅರ್ಜಿ ಬರೆದದ್ದು. ವಿಷಯ, ಉಲ್ಲೇಖ, ವಿವರಣೆ, ಪ್ರಾರ್ಥನೆ ಎಂದು ವಿಭಾಗಿಸಿ, ಮೂರು ಪ್ರತಿಗಳಲ್ಲಿ ಬರೆದು ಸಂಬಂಧಪಟ್ಟ ಕಚೇರಿಗೆ ಕಳಿಸಿದೆ. ಮೂರು ವಾರಗಳ ನಂತರ ಉತ್ತರ ಬಂತು. ಸದರಿ ದೇವಾಲಯವು ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಕಂಡುಬಾರದ ಕಾರಣ ಅದಕ್ಕೆ ರಕ್ಷಣೆ ಒದಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಬರೆದಿದ್ದರು. ಅಪ್ಪ ಅದನ್ನು ಎರಡು ಸಲ ಓದಿಸಿ ಕೇಳಿದ.

“ಪಟ್ಟ್ಯಾಗ ಇಲ್ಲಂದ್ರ ಗುಡೀನ ಇಲ್ಲ ಅಂದಂಗಾತು. ಇಲ್ಲದ ಗುಡಿಗೆ ನಿಮ್ಮವ್ವ ಟೈಲ್ಸ್ ಹಚ್ಚಾಕತ್ತಾಳ, ಬಿಡು” ಎಂದ.

ಜನವರಿಯ ಕೊನೆಗೆ ನಿಪ್ಪಾಣಿಯಿಂದ ಟೈಲ್ಸ್ ಬಂದವು. ಕಾರ್ಖಾನೆಗೆ ಕಬ್ಬು ಹೊಡೆದು ಖಾಲಿಯಾದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಒಡೆಯದಿರಲೆಂದು ಕಬ್ಬಿನ ಒಣಗರಿಯ ಮೆತ್ತೆ ಹಾಸಿ ತಂದಿದ್ದರು. ಪೆಟ್ಟಿಗೆಗಳನ್ನು ಗುಡಿಯ ಪೌಳಿಯಲ್ಲಿ ಇಳಿಸುವಾಗ ಅರ್ಧ ಊರು ನೆರೆದಿತ್ತು. ಒಂದು ಟೈಲ್ಸ್ ಕೈಯಿಂದ ಕೈಗೆ ದಾಟಿ, ಎಲ್ಲರೂ ಅದರಲ್ಲಿ ಮುಖ ನೋಡಿಕೊಂಡು, ಕೊನೆಗೆ ಪೂಜಾರಿ ಅಜ್ಜನ ಕೈಗೆ ಬಂತು. ಎಪ್ಪತ್ತು ದಾಟಿದ ಆತ ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚಿದ.

ಕೆಲಸ ಹಿಡಿದವನು ನಮ್ಮೂರಿನ ಗೌಂಡಿ. ಊರಿನ ಅರ್ಧ ಮನೆಗಳ ಗೋಡೆಗಳನ್ನು ಕಟ್ಟಿದ ಕೈ ಅವನದು. ಒಳಗಿನ ಮಂಟಪದಿಂದ ಆರಂಭಿಸಿದ. ಸಂಜೆಯ ಹೊತ್ತಿಗೆ ಒಂದು ಗೋಡೆ ನೆಲದಿಂದ ಮೇಲಿನವರೆಗೆ ಬೆಳ್ಳಗಾಯಿತು. ಅವ್ವ ಕೈಮುಗಿದು ನಿಂತಿದ್ದಳು. ನಾನು ಬೇರೆ ಕಡೆ ಮುಖ ಮಾಡಿ ನಿಂತಿದ್ದೆ.

ಮರುದಿನ ಬೆಳಿಗ್ಗೆ ಪೂಜಾರಿ ಅಜ್ಜ ನಮ್ಮ ಬಾಗಿಲಿಗೆ ಬಂದ.

“ತಂಗೆವ್ವಾ, ನಿನ್ನ ದೇವರ ಅಂಗಿ ಕಳದ ಒಗದಾನ ಬಾ.”

ಓಡಿಹೋಗಿ ನೋಡಿದೆವು. ಟೈಲ್ಸ್ ಎಲ್ಲ ಕೆಳಗೆ ಬಿದ್ದಿದ್ದವು. ಸಿಮೆಂಟು ಅವುಗಳ ಬೆನ್ನಿಗೆ ಹತ್ತಿಕೊಂಡಿತ್ತೇ ಹೊರತು ಗೋಡೆಗಲ್ಲ. ಆಳೆತ್ತರಕ್ಕಿಂತ ಮೇಲಿನ ಎರಡು ಸಾಲುಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಕಪ್ಪು ಮೈಯ ಹಿರಿಯನೊಬ್ಬ ತಲೆಗೆ ಬಿಳಿ ಪಟಗಾ ಸುತ್ತಿಕೊಂಡಂತೆ ಗೋಡೆ ಕಾಣುತ್ತಿತ್ತು. ಗೌಂಡಿ ಮತ್ತೆ ಹಚ್ಚಿದ. ಮತ್ತೆ ಬಿದ್ದವು. ಮೂರನೆಯ ದಿನ ಅವನು ಕರಣಿಯನ್ನು ಕೆಳಗಿಟ್ಟು ಗೋಡೆಯನ್ನು ಅಂಗೈಯಿಂದ ಸವರಿ, ಮೂಸಿ ನೋಡಿದ.

“ವೈನಿ, ಇದು ಕಲ್ಲಲ್ಲ, ಎಣ್ಣಿ. ಎಣ್ಣಿಗೆ ಸಿಮೆಂಟ ಹತ್ತತೈತೇನ?”

ಅವನು ಹೇಳಿದ್ದು ನಿಜ. ನಮ್ಮೂರಿನಲ್ಲಿ ಒಂದು ರೂಢಿಯಿತ್ತು. ಗುಡಿಯಲ್ಲಿ ದೀಪಕ್ಕೆ ಎಣ್ಣೆ ಎರೆದ ಮೇಲೆ ಅಂಗೈಗೆ ಹತ್ತಿದ ಎಣ್ಣೆಯನ್ನು ತಲೆಗೂ ಒರೆಸಿಕೊಳ್ಳಬಾರದು, ಸೆರಗಿಗೂ ಒರೆಸಿಕೊಳ್ಳಬಾರದು. ದೇವರದು ದೇವರಿಗೇ ಎಂದು ಗೋಡೆಗೆ ಒರೆಸಿ ಬರಬೇಕು. ಎಷ್ಟು ತಲೆಮಾರುಗಳಿಂದ ಹಾಗೆ ಒರೆಸುತ್ತ ಬಂದಿದ್ದರೋ, ಕೈಗೆಟಕುವಷ್ಟು ಎತ್ತರದವರೆಗೆ ಕಲ್ಲು ಎಣ್ಣೆ ಕುಡಿದು ಕುಳಿತಿತ್ತು. ಇಡೀ ಊರು ತನಗರಿವಿಲ್ಲದೆ ಶತಮಾನಗಳ ಕಾಲ ಟೈಲ್ಸಿನ ವಿರುದ್ಧ ಸಿದ್ಧತೆ ನಡೆಸಿತ್ತು.

ಅವ್ವ ಸೋಲುವವಳಲ್ಲ. ಓಣಿಯ ಹೆಂಗಸರನ್ನು ಕೂಡಿಸಿ, ಸೀಗೆಕಾಯಿ, ಸೋಡಾ, ಕುದಿಯುವ ನೀರು ಹಾಕಿ ದೇವರ ಗುಡಿಗೆ ಎರಡು ದಿನ ಎಣ್ಣೆಸ್ನಾನ ಮಾಡಿಸಿದಳು. ಕಲ್ಲು ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಹೊಳೆಯಿತು. ಟೈಲ್ಸ್ ಮತ್ತೆ ಬಿದ್ದವು. ನಾನು ಸಂತೋಷವನ್ನು ಮುಖದಲ್ಲಿ ತೋರಿಸದಿರಲು ಬಹಳ ಕಷ್ಟಪಟ್ಟೆ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಗೌಂಡಿ ಒಂದು ಉಪಾಯ ಹೇಳಿದ. ಕಲ್ಲಿನ ಮೇಲ್ಮೈಯನ್ನೆಲ್ಲ ಉಳಿಯಿಂದ ಬೆರಳಗಲಕ್ಕೊಂದರಂತೆ ಕಚ್ಚು ಹೊಡೆದು ಒರಟು ಮಾಡಬೇಕು. ಎಣ್ಣೆ ಇಳಿದ ಪದರ ಹಾರಿಹೋಗುತ್ತದೆ. ಸಿಮೆಂಟಿಗೆ ಹಿಡಿತ ಸಿಗುತ್ತದೆ. ಉಬ್ಬು ಚಿತ್ರಗಳಿದ್ದಲ್ಲಿ ಅವುಗಳನ್ನು ಮಟ್ಟಸ ಮಾಡಬೇಕು, ಇಲ್ಲದಿದ್ದರೆ ಟೈಲ್ಸ್ ಕೂಡುವುದಿಲ್ಲ.

“ಅವ್ವಾ, ಇಷ್ಟ ದಿನ ಮುಚ್ಚೂ ಮಾತಿತ್ತು. ಈಗ ಒಡಿಯೂ ಮಾತ. ಗಾಯ ಮಾಡ್ತಾರ ಅದಕ್ಕ” ಎಂದೆ.

“ಸಣ್ಣಾಂವ ಇದ್ದಾಗ ನಿನ್ನ ಕಿವಿ ಚುಚ್ಚಿಸಿದ್ವಿ. ಗಾಯಾತು, ಅತ್ತಿ. ಬಂಗಾರ ಹಾಕಾಕ ಚುಚ್ಚಿಸಿದ್ವೋ, ಅಳಸಾಕೋ?”

ಅಪ್ಪನ ಕಡೆ ನೋಡಿದೆ. “ನನ್ನ ಕಡೆ ಯಾಕ ನೋಡ್ತಿ? ನಾ ಪಟ್ಟ್ಯಾಗ ಇಲ್ಲ” ಎಂದು ಎದ್ದು ಹೊಲಕ್ಕೆ ಹೋದ.

ಶಿವರಾತ್ರಿಗೆ ಇನ್ನು ಹನ್ನೆರಡು ದಿನಗಳಿದ್ದವು. ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ನೇರವಾಗಿ ಗುಡಿಗೆ ಬಂದೆ. ಗೌಂಡಿ ಹೊರಗೋಡೆಯ ಮೂಲೆಯ ಬರಿಗಲ್ಲಿನ ಮೇಲೆ ಆಗಲೇ ಗೇಣುದ್ದ ಕಚ್ಚು ಹೊಡೆದಿದ್ದ. ಆ ಕಚ್ಚುಗಳು ಇಂದಿಗೂ ಇವೆ. ಅಲ್ಲಿಂದ ಅವನು ದಕ್ಷಿಣದ ಗೋಡೆಗೆ ತಿರುಗಿ, ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ಮಿಡಿದು ಗೆರೆ ಹೊಡೆದ. ಆ ಗೆರೆ ಬಿದ್ದದ್ದು ಒಂದು ಹೆಣ್ಣಿನ ಶಿಲ್ಪದ ಹೊಟ್ಟೆಯ ಮೇಲೆ.

ಆ ಶಿಲ್ಪ ಮೊಳಕಾಲೆತ್ತರದ್ದು. ತುಂಬಿದ ಹೊಟ್ಟೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಬಳ್ಳಿಯನ್ನು ಹಿಡಿದು ನಿಂತಿರುವ ಹೆಣ್ಣು. ಊರ ಹೆಂಗಸರು ಅವಳನ್ನು ಬಸರೆವ್ವ ಎನ್ನುತ್ತಿದ್ದರು. ಏಳನೆಯ ತಿಂಗಳಲ್ಲಿ ಬಸುರಿಯರು ಬಂದು ಅವಳ ಹೊಟ್ಟೆಗೆ ಎಣ್ಣೆ ನೀವಿ ಹೋಗುತ್ತಿದ್ದರು. ಗಂಡಸರು ಆ ಗೋಡೆಯ ಕಡೆ ಹೋಗುವ ರೂಢಿಯಿಲ್ಲದ ಕಾರಣ, ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಗೌಂಡಿ ಉಳಿಯನ್ನು ಗೆರೆಯ ಮೇಲಿಟ್ಟ. ಸುತ್ತಿಗೆ ಎತ್ತುವಷ್ಟರಲ್ಲಿ, ಪಕ್ಕದಲ್ಲೇ ನಿಂತು ನೋಡುತ್ತಿದ್ದ ಅವ್ವ ಅವನ ಮುಂಗೈ ಹಿಡಿದಳು.

“ಇಲ್ಲಿ ಬ್ಯಾಡ.”

“ಹಂಗ ನಡುವ ಬಿಟ್ರ ಹೆಂಗ ವೈನಿ? ಟೈಲ್ಸಿನ ಸಾಲ ತಪ್ಪತೈತಿ.”

“ಇಕಿ ಹೊಟ್ಟಿಗೆ ಉಳಿ ಹಚ್ಚತೀಯಾ? ಇಂವ ನನ್ನ ಹೊಟ್ಟ್ಯಾಗ ಇದ್ದಾಗ ಇದ ಕೈಲೇ ನೀವೀನಿ. ಇವನ ತಂಗಿ ಇದ್ದಾಗೂ ನೀವೀನಿ.”

“ಕಲ್ಲ ಅದು ವೈನಿ.”

“ಗೊತ್ತೈತಿ ಕಲ್ಲಂತ. ಒಳಗಿನಾಂವ ಏನ ಬೆಣ್ಣ್ಯಾಗ ಮಾಡ್ಯಾರೇನ?”

ಗೌಂಡಿ ಉಳಿಯನ್ನು ಚೀಲಕ್ಕೆ ಹಾಕಿದ. ಅವನಿಗೂ ಮನಸ್ಸಿರಲಿಲ್ಲವೆಂದು ಕಾಣುತ್ತದೆ. ಅವನ ಹೆಂಡತಿಯೂ ಅಲ್ಲಿಗೆ ಬಂದು ಹೋದವಳೇ. ಒಬ್ಬಳನ್ನು ಬಿಟ್ಟ ಮೇಲೆ ಪಕ್ಕದ ಮದ್ದಳೆಯವನನ್ನು ಕೆತ್ತುವುದು ಹೇಗೆ, ಕೆಳಗಿನ ಆನೆಗಳನ್ನು ಕೆತ್ತುವುದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೆಲಸ ಅಲ್ಲಿಗೆ ನಿಂತಿತು.

ನಾನು ಗೆದ್ದಿದ್ದೆ. ಆದರೆ ಮನೆಗೆ ಬಂದ ಮೇಲೆ ಗೆದ್ದಂತೆನಿಸಲಿಲ್ಲ. ಶಿವರಾತ್ರಿ ಬಂದು ಹೋಯಿತು. ಊರೆಲ್ಲ ಜಾಗರಣೆಗೆ ಹೋದಾಗ ಅವ್ವ ಮನೆಯಲ್ಲೇ ಉಳಿದಳು. ಕೇಳಿದರೆ, “ಯಾವ ಮುಖಾ ತಗೊಂಡ ಹೋಗ್ಲಿ?” ಎಂದಳು. ನಾನು ಸೈಕಲ್ ಹತ್ತುವಾಗಲೆಲ್ಲ ಬಾಗಿಲಿಗೆ ಬಂದು, ನಿಮ್ಮ ಹೆಡ್‌ಮಾಸ್ತರು ಏನಾದರೂ ಅಂದರೇ, ಸಾಹೇಬರು ಯಾರಾದರೂ ಬಂದಿದ್ದರೇ ಎಂದು ವಿಚಾರಿಸುತ್ತಿದ್ದಳು. ನಾನು ಕಲ್ಲಿನ ಆನೆಗಳ ಚಿಂತೆಯಲ್ಲಿ ಮೂರು ತಿಂಗಳು ಕಳೆದಿದ್ದೆ. ಅವ್ವನ ಪಾಲಿಗೆ ಏನು ಉಳಿಯುತ್ತದೆಂಬುದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲು ಹಾಳೆ ತೆಗೆದುಕೊಂಡು ಕುಳಿತೆ. ಟೈಲ್ಸ್ ಹಚ್ಚಬಹುದಾದ, ಕೆತ್ತನೆಯಿಲ್ಲದ, ಗುಡಿಗೇ ಸೇರಿದ ಐದು ಸ್ಥಳಗಳನ್ನು ಕಾರಣಸಹಿತ ಬರೆದೆ. ಮೊದಲನೆಯದು ಪೌಳಿಯಲ್ಲಿನ ಅಡುಗೆಕೋಣೆ. ಇಟ್ಟಂಗಿಯ ಗೋಡೆ, ಎಣ್ಣೆಯಿಲ್ಲ, ಹೊಗೆಯಿಂದ ಕಪ್ಪಾಗಿದೆ. ಓದಿ ಹೇಳಿದೆ.

“ನೀ ಬರದ್ರ ಆತೇನ? ಅಂವ ಒಪ್ಪಬೇಕಲ್ಲ. ಕೇಳೂಣು” ಎಂದಳು.

ನಮ್ಮ ಕಡೆ ದೇವರನ್ನು ಕೇಳುವುದೆಂದರೆ ಹೂ ಕೇಳುವುದು. ಪೂಜಾರಿ ದೇವರ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವನ್ನು ಅಂಟಿಸುತ್ತಾನೆ. ಕೇಳುವವರು ಪ್ರಶ್ನೆಯನ್ನು ಹೇಳಿ ಎದುರಿಗೆ ಕೂಡುತ್ತಾರೆ. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ. ಎಡದ್ದು ಬಿದ್ದರೆ ಇಲ್ಲ. ಮಾರ್ಚ್ ಹದಿನಾಲ್ಕನೆಯ ತಾರೀಖು, ಸೋಮವಾರ, ಸಂಜೆ ನಾವು ಮೂವರೂ ಕುಳಿತೆವು. ಅವ್ವ ಪ್ರಶ್ನೆ ಕೇಳಿದಳು. ಒಂದು ತಾಸು ಎರಡೂ ಹೂಗಳು ಅಲುಗಲಿಲ್ಲ. ಪೂಜಾರಿ ಅಜ್ಜ ಕಂಬಕ್ಕೊರಗಿ ತೂಕಡಿಸಿದ. “ದೇವರೂ ಅರ್ಜಿ ವಿಚಾರಣೆಗೆ ಇಟಗೊಂಡಾನ” ಎಂದು ಅಪ್ಪ ಪಿಸುಗುಟ್ಟಿದ. ಬಲದ ಹೂವಿನ ಕಡೆಗೆ ಸ್ವಲ್ಪ ಊದಿಬಿಡಲೇ ಎಂಬ ಆಲೋಚನೆ ನನಗೆ ಬಂದದ್ದು ಸುಳ್ಳಲ್ಲ. ಅಷ್ಟರಲ್ಲಿ ಎಡದ ಹೂ ಬಿತ್ತು.

ಅವ್ವನ ಮುಖ ಸಣ್ಣದಾಯಿತು. ನನ್ನ ಪಟ್ಟಿಯ ಮೊದಲನೆಯ ಸ್ಥಳ ತಿರಸ್ಕೃತವಾಗಿತ್ತು. ಒಂದು ಸೋಮವಾರಕ್ಕೆ ಒಂದೇ ಪ್ರಶ್ನೆ. ಗುಡಿಯ ಮೆಟ್ಟಿಲು ಇಳಿಯುವಾಗ ಅಪ್ಪ ಅವಳನ್ನು ಹಗುರ ಮಾಡಲೆಂದು ಹೇಳಿದ:

“ಹೋಗ್ಲಿ ಬಿಡ. ಅಂವಗ ಬ್ಯಾಡಾದ್ರ ಅಂವನ ಎತ್ತಿಗೆ ಹಾಕಸು.”

ಅವ್ವ ನಿಂತುಬಿಟ್ಟಳು. ಗುಡಿಯ ಮುಂದೆ ದಾರಿಯ ಪಕ್ಕದಲ್ಲಿ ಊರ ದನಗಳಿಗೆ ನೀರು ಕುಡಿಸುವ ಒಂದು ದೋಣಿಯಿತ್ತು. ಕಲ್ಲುಮಣ್ಣಿನಲ್ಲಿ ಕಟ್ಟಿ ಗಾರೆ ಬಳಿದದ್ದು. ಅಲ್ಲಲ್ಲಿ ಬಿರುಕು ಬಿಟ್ಟು ನೀರು ಸೋರುತ್ತಿತ್ತು. ಅದೂ ದೇವರದೇ.

“ಆಡಾಕತ್ತೀರೋ, ಖರೇನ ಹೇಳಾಕತ್ತೀರೋ?” ಎಂದು ಕೇಳಿದಳು.

“ಆಡಾಕತ್ತೇನಿ ಮಾರಾಯ್ತಿ.”

“ಖರೇನ ಹೇಳೀರಿ” ಎಂದು ಅವಳು ತೀರ್ಮಾನಿಸಿದಳು. ನನ್ನ ಐದು ಸ್ಥಳಗಳಲ್ಲಿ ದೋಣಿ ಇರಲಿಲ್ಲ.

ಮುಂದಿನ ಸೋಮವಾರ ಮತ್ತೆ ಕುಳಿತೆವು. ಅವ್ವ, ನಿನ್ನ ಬಸವಣ್ಣನ ದೋಣಿಗೆ ಹಚ್ಚಿಸಲೇನಪ್ಪಾ ಎಂದು ಕೇಳಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಅವಳು ತಲೆಯೆತ್ತುವಷ್ಟರಲ್ಲಿ ಬಲದ ಹೂ ಪೀಠದ ಮೇಲಿತ್ತು. ಪೂಜಾರಿ ಅಜ್ಜನಿಗೆ ಕೂಡಲೂ ಪುರುಸೊತ್ತು ಸಿಕ್ಕಿರಲಿಲ್ಲ.

ಗೌಂಡಿ ಎರಡು ದಿನಗಳಲ್ಲಿ ಕೆಲಸ ಮುಗಿಸಿದ. ಗೋಡೆಯ ಮೇಲುಳಿದ ಬಿಳಿಯ ಪಟಗಾವನ್ನೂ ಬಿಚ್ಚಿ ಇಳಿಸಿದ. ದೋಣಿಗೆ ಒಳಗೆ, ಹೊರಗೆ, ಅಂಚಿಗೆ ಟೈಲ್ಸ್. ಉಳಿದವನ್ನು ದನಗಳು ನಿಲ್ಲುವ ಕಟ್ಟೆಯ ಬದಿಗೆ. ನೀರು ತುಂಬಿಸಿದ ದಿನ ಅದು ಮಿರಜಿನ ದವಾಖಾನೆಯನ್ನು ನಾಚಿಸುವಂತೆ ಹೊಳೆಯಿತು. ಅವ್ವ ಆರತಿ ಬೆಳಗಿದಳು. ಅಪ್ಪ ನಮ್ಮ ಜೋಡೆತ್ತುಗಳನ್ನು ತಂದ. ಅವು ಬಂದವು, ನೋಡಿದವು, ಹಿಂದೆ ಸರಿದವು. ಊರಿನ ಒಂದು ದನವೂ ಆ ದೋಣಿಗೆ ಬಾಯಿ ಹಚ್ಚಲಿಲ್ಲ. ಅಷ್ಟು ಬೆಳ್ಳಗಿನದ್ದನ್ನು ಅವು ಎಂದೂ ಕಂಡಿರಲಿಲ್ಲ.

ಬಸವಣ್ಣ ಕುಡಿಯದೆ ಹರಕೆ ತೀರಿದಂತಲ್ಲವೆಂದು ಅವ್ವ ಹೇಳಿದಳು. ದಿನಾ ಬೆಳಿಗ್ಗೆ ಹೋಗಿ ಬೂದಿ ಹಾಕಿ ತಿಕ್ಕಿ, ನೀರು ಬದಲಿಸಿ ಬರುತ್ತಿದ್ದಳು. ತಿಕ್ಕಿದಷ್ಟೂ ಹೊಳೆಯಿತು, ಹೊಳೆದಷ್ಟೂ ದನಗಳು ದೂರ ನಿಂತವು. ಒಂದು ವಾರ ಕಳೆದ ಮೇಲೆ ಅಪ್ಪನೇ ಹೇಳಿದ:

“ನೀ ತಿಕ್ಕೂದ ಬಿಡು. ಅವಕ್ಕ ದವಾಖಾನಿ ಹೆದರಿಕಿ ಐತಿ.”

ತಿಕ್ಕದೆ ಬಿಡುವುದು ಅವಳಿಗೆ ಸುಲಭವಾಗಿರಲಿಲ್ಲ. ದಾರಿಯಲ್ಲಿ ಹೋಗುವಾಗ ಆ ಕಡೆ ನೋಡದೆ ಹೋಗುತ್ತಿದ್ದಳು. ಹತ್ತಿಪ್ಪತ್ತು ದಿನಗಳಲ್ಲಿ ಟೈಲ್ಸಿನ ಮೇಲೆ ಧೂಳು ಕೂತಿತು, ತಳದಲ್ಲಿ ತೆಳುವಾಗಿ ಪಾಚಿ ಕಟ್ಟಿತು, ಬಿಳುಪು ಮಾಸಿತು. ಯುಗಾದಿ ಮುಗಿದ ಮರುವಾರ, ಶಾಲೆಗೆ ಹೊರಟವನು ಅವ್ವನ ಜೊತೆ ಗುಡಿಯವರೆಗೆ ನಡೆದು ಹೋಗುತ್ತಿದ್ದೆ. ಹಾರೂಗೇರಿಯ ಕಡೆಯಿಂದ ಬಂದ, ಕಬ್ಬು ಇಳಿಸಿ ಮರಳುತ್ತಿದ್ದ ಒಂದು ಗಾಡಿ ದೋಣಿಯ ಬಳಿ ನಿಂತಿತು. ನಮ್ಮೂರಿನ ಜಗಳ, ಹರಕೆ ಯಾವುದೂ ಗೊತ್ತಿಲ್ಲದ ಆ ಗಾಡಿಯವನು ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಎಡದ ಎತ್ತು ಮೂಸಿತು. ಬಲದ್ದು ಮೂಸದೆಯೇ ಬಾಯಿ ಹಾಕಿತು. ಆಮೇಲೆ ಎರಡೂ ಕಣ್ಣು ಮುಚ್ಚಿಕೊಂಡು, ಸದ್ದು ಮಾಡುತ್ತ, ಹೊಟ್ಟೆ ಉಬ್ಬುವವರೆಗೆ ಕುಡಿದವು.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗುಡಿಯ ಕಡೆಗೆ ಕೈ ಮುಗಿದಳು.

“ಮುಟ್ಟಿತು. ಇನ್ನ ನೀ ಸಾಲಿಗೆ ಹೋಗು, ಹೊತ್ತಾತು” ಎಂದಳು.

ಅಂದು ಏಪ್ರಿಲ್ ೧೮, ೧೯೯೪, ಸೋಮವಾರ.